ಒಂದು ಕೂಗಳತೆ

"ಅಯ್ಯನವರೇ, ಕರೆ ಬಂದಾಗ ಅದು ನನಗೇ ಬಂದದ್ದು ಎಂದು ಹೇಗೆ ತಿಳಿಯಬೇಕು?"

ಸೋಮಲಿಂಗ ಈ ಪ್ರಶ್ನೆ ಕೇಳಿದ್ದು ಮಠದ ಜಗಲಿಯ ಮೇಲೆ, ಹೊತ್ತು ಏರಿದ ಮೇಲೆ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅವನ ಜೊತೆಗೆ ಬಂದ ಒಬ್ಬನನ್ನು ಅಯ್ಯನವರು ಪಾಠ ಹೇಳಲು ಬೇರೆ ಊರಿಗೆ ಕಳಿಸಿದ್ದರು. ಇನ್ನೊಬ್ಬ, ತನಗೆ ಕನಸಿನಲ್ಲಿ ಅಪ್ಪಣೆಯಾಯಿತೆಂದು ಹೇಳಿ ಮೌನ ಹಿಡಿದಿದ್ದ. ಸೋಮಲಿಂಗನಿಗೆ ಮಾತ್ರ ಅಂಥ ಯಾವ ಕರೆಯೂ ಬಂದಿರಲಿಲ್ಲ. ಕಾಯುತ್ತಲೇ ಆಯುಸ್ಸು ಮುಗಿದು ಹೋದೀತೆಂಬ ಭಯ ಅವನನ್ನು ಹಿಡಿದಿತ್ತು. ಈ ವರ್ಷವೂ ಕರೆ ಬಾರದಿದ್ದರೆ ಊರಿಗೆ ಹಿಂದಿರುಗುವುದೇ ಸರಿ ಎಂದು ಅವನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ. ಅದನ್ನೂ ಗುರುಗಳಿಗೆ ಹೇಳಿದ.

ಅಯ್ಯನವರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕಾಲು ಚಾಚಿ ಕುಳಿತಿದ್ದರು. ಮಠ ಇದ್ದದ್ದು ಗುಡ್ಡದ ಅರ್ಧದಲ್ಲಿ. ರಸ್ತೆಗೆ ಇಳಿಯಲು ತೊಂಬತ್ತು ಮೆಟ್ಟಿಲು. ಎರಡು ವರ್ಷದಿಂದ ಅವರು ಆ ಮೆಟ್ಟಿಲು ಇಳಿದಿರಲಿಲ್ಲ. ಉಗ್ರಾಣ ನೋಡಿಕೊಳ್ಳುವ ಮುದುಕ ಭದ್ರಯ್ಯ ಬೆಳಗ್ಗೆಯೇ ರಾಗಿ ಹಿಟ್ಟು ಮಾಡಿಸಲು ಗಿರಣಿಗೆ ಹೋಗಿದ್ದ.

ಆಗ ಮೆಟ್ಟಿಲ ಬುಡದಿಂದ ಒಂದು ಕೂಗು ಬಂತು. "ಯಾರಾದರೂ ಇದ್ದೀರೇನಪ್ಪಾ, ಒಂದು ಕೈ ಹಾಕಿ."

ಅಯ್ಯನವರು ಕುಳಿತಲ್ಲಿಂದಲೇ "ಓ" ಎಂದರು. ಆ ದನಿ ಅಂಗಳ ದಾಟುವಂತಿರಲಿಲ್ಲ. ಸೋಮಲಿಂಗ ಒಮ್ಮೆ ಆ ಕಡೆ ನೋಡಿದ. ಅಡುಗೆಯವರು ಹೋಗುತ್ತಾರೆ ಎಂದುಕೊಂಡು ಮತ್ತೆ ಗುರುಗಳ ಕಡೆ ತಿರುಗಿದ.

"ಕರೆ ಬಂದರೆ ಸಾಲದು, ಮೇಲೆ ವಿಳಾಸವೂ ಬರೆದಿರಬೇಕು ಅನ್ನು" ಎಂದು ಅಯ್ಯನವರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ದೊಡ್ಡ ನಗರ. ಅದರ ಹೊರಗೆ ಬಂಡೆಯ ಬೆಟ್ಟಗಳು, ಬೆಟ್ಟದ ಸುತ್ತ ಕಾಡು. ಆರು ದಿನ ಕುರ್ಚಿಯಲ್ಲಿ ಕುಳಿತ ಜನ ಏಳನೆಯ ದಿನ ಆ ಬೆಟ್ಟ ಹತ್ತಲು ಬರುತ್ತಿದ್ದರು. ಹತ್ತುವುದು, ಇಳಿಯುವುದು, ಮನೆಗೆ ಹೋಗುವುದು, ಅಷ್ಟೆ. ಮೇಲೆ ಗುಡಿಯೂ ಇಲ್ಲ, ದೇವರೂ ಇಲ್ಲ. ಮತ್ತೆ ಯಾಕೆ ಹತ್ತುತ್ತೀರಿ ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಠಕ್ಕೆ ಯಾಕೆ ಬಂದೆ ಎಂದು ಕೇಳಿದರೆ ನೀನೂ ತಡವರಿಸುತ್ತೀಯ. ಅದರಲ್ಲಿ ತಪ್ಪೇನಿಲ್ಲ.

ಆ ಕಾಡಿನಲ್ಲಿ ದಾರಿ ತೋರಿಸಲು ಒಬ್ಬ ಹೆಂಗಸಿದ್ದಳು. ಚಿಕ್ಕಂದಿನಿಂದ ಅದೇ ಬೆಟ್ಟದಲ್ಲಿ ಆಡು ಕಾಯ್ದು ಬೆಳೆದವಳು. ಈಗ ಆಡು ಬಿಟ್ಟು ಮನುಷ್ಯರನ್ನು ಕಾಯುತ್ತಿದ್ದಳು. ಆಡೇ ವಾಸಿ, ಕೂಗಿದರೆ ಬರುತ್ತಿದ್ದವು ಎಂದು ಆಗಾಗ ಹೇಳುತ್ತಿದ್ದಳಂತೆ. ಅವಳನ್ನು ಎಲ್ಲರೂ ದಾರಿಯವಳು ಎನ್ನುತ್ತಿದ್ದರು.

ಒಂದು ಭಾನುವಾರ ಒಂದೇ ಬೀದಿಯ ಐದು ಮನೆಯ ಗಂಡ ಹೆಂಡಿರು ಬೆಟ್ಟಕ್ಕೆ ಬಂದರು. ಅವರ ಜೊತೆಗೆ ಅದೇ ಬೀದಿಯ ಒಬ್ಬ ಮೇಷ್ಟರೂ ಬಂದರು. ಮೇಷ್ಟರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎಲ್ಲರನ್ನೂ ಹೊರಡಿಸಿದವನು ಒಬ್ಬ ಪಾತ್ರೆ ವರ್ತಕ. ತನ್ನ ಅಂಗಡಿಯಿಂದ ಎಲ್ಲರಿಗೂ ಒಂದೊಂದು ಸ್ಟೀಲಿನ ನೀರಿನ ಬಾಟಲಿಯನ್ನು ಅವನೇ ತಂದು ಹಂಚಿದ್ದ.

ವರ್ತಕ ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಸುಳ್ಳಿಲ್ಲ, ಹೆಂಡತಿಗೆ ಒಂದು ಬಿರುಸು ಮಾತೂ ಆಡಿದವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯನ್ನು ನಾನು ನಿನಗೆ ಹೇಳುತ್ತಿರಲಿಲ್ಲ. ಕೆಟ್ಟವರ ಕತೆ ಕೇಳಿ ಯಾರೂ ಏನೂ ಕಲಿಯುವುದಿಲ್ಲ, ನಾನಂತೂ ಹಾಗಲ್ಲ ಎಂದು ಎಲೆಯಡಿಕೆ ಹಾಕಿಕೊಂಡು ಎದ್ದು ಹೋಗುತ್ತಾರೆ.

ವರ್ತಕನ ಹೆಂಡತಿ ಹಳೆಯ ಕಾಲದ ನಡತೆಯವಳು. ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ. ಮದುವೆಯ ದಿನ ನಾದಿನಿಯರು ಬಾಗಿಲು ತಡೆದು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಪಟ್ಟು ಹಿಡಿದಾಗ ಒಂದು ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ, ತಲೆ ತಗ್ಗಿಸಿಕೊಂಡು ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಆಮೇಲೆ ಮೂವತ್ತು ವರ್ಷ "ರೀ" ಎಂಬ ಒಂದೇ ಅಕ್ಷರದಲ್ಲಿ ಸಂಸಾರ ನಡೆದಿತ್ತು. ಊಟಕ್ಕೂ ಅದೇ, ಜ್ವರಕ್ಕೂ ಅದೇ, ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎನ್ನುವುದಕ್ಕೂ ಅದೇ. ಉಳಿದ ನಾಲ್ಕು ಮನೆಗಳಲ್ಲೂ ಅದೇ ಅಕ್ಷರ. ನಮ್ಮ ನಾಡಿನ ಅರ್ಧ ಗಂಡಸರಿಗೆ ಮನೆಯಲ್ಲಿ ಇರುವುದು ಅದೊಂದೇ ಹೆಸರು.

ಕಾಡಿನ ಬಾಯಲ್ಲಿ ದಾರಿಯವಳು ಎಲ್ಲರನ್ನೂ ನಿಲ್ಲಿಸಿ ತನ್ನ ಕಟ್ಟಳೆ ಹೇಳಿದಳು. ಒಬ್ಬರಿಂದ ಒಬ್ಬರು ಒಂದು ಕೂಗಳತೆಗಿಂತ ದೂರ ಹೋಗಬಾರದು. ಬೆಟ್ಟದಲ್ಲಿ ಯಾರು ಕೂಗಿದರೂ, ಯಾರನ್ನು ಕೂಗಿದರೂ, ಕೇಳಿಸಿದವರು ಓ ಅನ್ನಬೇಕು. ತನ್ನನ್ನಲ್ಲ ಎಂದು ಸುಮ್ಮನಿರಬಾರದು.

ವರ್ತಕ ಲೆಕ್ಕದ ಮನುಷ್ಯ. ಕೂಗಳತೆ ಎಂದರೆ ಎಷ್ಟು ಮೀಟರು ಎಂದು ಕೇಳಿದ.

"ಓ ಅಂದರೆ ಅರ್ಧ ಮೈಲಿಯೂ ಕೂಗಳತೆಯೇ" ಎಂದಳು ದಾರಿಯವಳು. "ಓ ಅನ್ನದಿದ್ದರೆ ಒಂದು ಮಾರು ದೂರವೂ ಅಲ್ಲ."

ಎಲ್ಲರೂ ನಕ್ಕರು. ಮೊದಲ ಒಂದು ಗಂಟೆ ಅದೇ ಆಟವಾಯಿತು. ಯಾರಾದರೊಬ್ಬಳು "ರೀ" ಎಂದರೆ ಐದು ಗಂಡಸರೂ ಒಟ್ಟಿಗೆ "ಓ" ಎನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ಆಟ ಹಳೆಯದಾಯಿತು. ಬಿಸಿಲು ಏರಿತು. ಓ ಅನ್ನುವವರು ನಾಲ್ವರಾದರು, ಇಬ್ಬರಾದರು, ಆಮೇಲೆ ಯಾರೂ ಇಲ್ಲ. ವ್ರತ ಹಿಡಿದ ಮೊದಲ ವಾರ ಮೂರು ಹೊತ್ತು ಸ್ನಾನ ಮಾಡಿದ್ದೆಯಲ್ಲ ನೀನು, ಹಾಗೆ.

ಅರ್ಧ ದಾರಿಯಲ್ಲಿ ಒಂದು ತಗ್ಗು. ಅಲ್ಲಿ ಒಂದು ಒರತೆ ಇತ್ತು. ಬಂಡೆಯ ಸಂದಿನಿಂದ ನೀರು ಬೇರೆ ಏನೂ ಕೇಳಿಸದಷ್ಟು ಸದ್ದು ಮಾಡುತ್ತ ಬೀಳುತ್ತಿತ್ತು. ಹೆಂಗಸರು ಅಲ್ಲೇ ಕುಳಿತು ಕಾಲು ನೀರಿಗಿಟ್ಟರು. ಗಂಡಸರು ಮುಂದೆ ಹತ್ತಿ ಒಂದು ಹಾಸುಬಂಡೆಯ ಮೇಲೆ ಕುಳಿತರು. ಮೇಷ್ಟರೂ ಅವರ ಜೊತೆ ಹತ್ತಿ ಸ್ವಲ್ಪ ಆಚೆ ಕುಳಿತು ಒಂದು ಕಿತ್ತಳೆ ಸುಲಿಯತೊಡಗಿದರು. ಮೇಲಿನ ಕೆರೆಗೆ ಆನೆ ಇಳಿದಿದೆಯೋ ಏನೋ ನೋಡಿ ಬರುತ್ತೇನೆ, ನಾನು ಬರುವ ತನಕ ಮುಂದೆ ಬರಬೇಡಿ ಎಂದು ಹೇಳಿ ದಾರಿಯವಳು ಒಬ್ಬಳೇ ಹೋದಳು.

ವರ್ತಕ ತನ್ನ ನೀರಿನ ಬಾಟಲಿಯನ್ನು ಒರತೆಯ ಹತ್ತಿರ ಮರೆತು ಬಂದಿದ್ದ. ಹೆಂಡತಿ ಅದನ್ನು ಕಂಡಳು. ಬಾಯಾರಿರುತ್ತಾರೆ, ಕೇಳುವವರಲ್ಲ ಎಂದುಕೊಂಡಳು. ಬಾಟಲಿ ತುಂಬಿಸಿಕೊಂಡು ಒಬ್ಬಳೇ ಮೇಲೆ ಹೊರಟಳು. ದಾರಿ ಒಂದು ಕಡೆ ಬಂಡೆಯ ಅಂಚಿಗೆ ಬರುತ್ತಿತ್ತು. ಅಲ್ಲಿ ಪಾಚಿ ಇತ್ತು. ಒಂದು ಕೈಯಲ್ಲಿ ಬಾಟಲಿ ಇದ್ದದ್ದರಿಂದ ಹಿಡಿಯಲು ಇನ್ನೊಂದೇ ಕೈ ಉಳಿದಿತ್ತು. ಕಾಲು ಜಾರಿತು.

ಈ ಮಾತು ಹೇಳುವಾಗ ಕೆಳಗಿನಿಂದ ಮತ್ತೆ ಅದೇ ದನಿ ಕೇಳಿಸಿತು. "ಯಾರಾದರೂ ಬರ್ರಪ್ಪಾ." ಅಯ್ಯನವರು ಕತೆ ನಿಲ್ಲಿಸಿ "ಓ" ಎಂದರು. ಮೆಟ್ಟಿಲ ಕಡೆ ನೋಡಿದರು. ಆಮೇಲೆ ಸೋಮಲಿಂಗನ ಮುಖ ನೋಡಿದರು. ಸೋಮಲಿಂಗ ಕತೆಯೊಳಗೆ ಮುಳುಗಿದ್ದ. ಆಕೆಗೆ ಏನಾಯಿತು ಎಂದು ಕೇಳಿದ.

ಜಾರಿದಳು, ಆದರೆ ಪೂರ್ತಿ ಬೀಳಲಿಲ್ಲ. ಬಂಡೆಯ ಬಿರುಕಿನಲ್ಲಿ ಒಂದು ಗೋಣಿಮರದ ಬೇರು ಇಳಿದಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದಳು. ಕಾಲಿಗೆ ಏನೂ ಸಿಗಲಿಲ್ಲ. ಕೆಳಗೆ ನಾಲ್ಕು ಆಳು ಆಳದ ಕೊರಕಲು. ಬಾಟಲಿ ಮಾತ್ರ ಬಂಡೆಗೆ ಬಡಿಯುತ್ತ ಬಡಿಯುತ್ತ ಕೆಳಗೆ ಹೋಯಿತು.

ಆ ಸದ್ದು ಹಾಸುಬಂಡೆಯ ಮೇಲಿದ್ದವರಿಗೆ ಕೇಳಿಸಿತು. ವರ್ತಕ ಕಿವಿಗೊಟ್ಟು ಕೇಳಿ, "ಅದು ನಮ್ಮ ಅಂಗಡಿಯ ಮಾಲು, ಎಷ್ಟು ಉರುಳಿದರೂ ನೆಗ್ಗುವುದಿಲ್ಲ" ಎಂದ. ಯಾರೋ ಬಾಟಲಿ ಕೈಬಿಟ್ಟರು ಎಂದುಕೊಂಡರು.

ಆಮೇಲೆ ಕೂಗು ಬಂತು. "ರೀ."

ಐವರಿಗೂ ಕೇಳಿಸಿತು. ಬಾಟಲಿ ಬೀಳಿಸಿಕೊಂಡವಳು ತನ್ನ ಗಂಡನನ್ನು ಕರೆಯುತ್ತಿದ್ದಾಳೆ, ಅವನು ಹೋಗುತ್ತಾನೆ ಎಂದು ಪ್ರತಿಯೊಬ್ಬನೂ ಉಳಿದ ನಾಲ್ವರ ಮುಖ ನೋಡಿದ. ಕೂಗು ಬಂಡೆಯಿಂದ ಬಂಡೆಗೆ ಬಡಿದು ಬರುತ್ತಿತ್ತು, ಯಾರ ದನಿ ಎಂದು ತಿಳಿಯುವಂತಿರಲಿಲ್ಲ. ವರ್ತಕನಿಗಂತೂ ತನ್ನ ಹೆಂಡತಿಯ ದನಿ ಅಲ್ಲವೇ ಅಲ್ಲ ಎನ್ನಿಸಿತು. ಮೂವತ್ತು ವರ್ಷದಲ್ಲಿ ಅವಳು ಗಟ್ಟಿಯಾಗಿ ಕೂಗಿದ್ದನ್ನು ಅವನು ಕೇಳಿಯೇ ಇರಲಿಲ್ಲ.

ಮತ್ತೆ ಕೂಗು ಬಂತು. ಯಾರ ಮನೆಯದಪ್ಪಾ, ಹೋಗಿ ನೋಡಬಾರದೇ ಎಂದು ಒಬ್ಬ ಚೇಷ್ಟೆ ಮಾಡಿದ. ನಮ್ಮದಲ್ಲ ಎಂದು ಇನ್ನೊಬ್ಬ ಅಂದ. ವರ್ತಕನೂ ನಮ್ಮದಲ್ಲ ಎಂದು ನಕ್ಕ.

ಅಲ್ಲಿ ಕುಳಿತ ಆರು ಜನರಲ್ಲಿ, ಆ ಕೂಗು ತನಗಲ್ಲ ಎಂದು ಖಂಡಿತವಾಗಿ ತಿಳಿದಿದ್ದವರು ಮೇಷ್ಟರು ಒಬ್ಬರೇ. ಅವರನ್ನು ಹಾಗೆ ಕರೆಯುವವಳು ಬೂದಿಯಾಗಿ ನಾಲ್ಕು ವರ್ಷವಾಗಿತ್ತು. ಮೊದಲ ಕೂಗಿಗೆ ಅವರ ಕೈಯಲ್ಲಿದ್ದ ಕಿತ್ತಳೆ ಹಾಗೇ ಉಳಿಯಿತು. ಎರಡನೆಯದಕ್ಕೆ ಅವರು ಐವರನ್ನೂ ನೋಡಿದರು. ಬೇರೆಯವರ ಹೆಂಡತಿ ಕೂಗಿದರೆ ತಾವು ಎದ್ದು ಹೋಗುವುದು ಸರಿಯಲ್ಲ, ಅವಳ ಗಂಡ ಏಳಲಿ ಎಂದು ಕಾದರು. ಮೂರನೆಯ ಕೂಗಿಗೂ ಯಾರೂ ಏಳಲಿಲ್ಲ. ಮೇಷ್ಟರು "ಓ" ಎಂದರು. ಕಿತ್ತಳೆ ಬಂಡೆಯ ಮೇಲೆ ಇಟ್ಟು ಇಳಿಯತೊಡಗಿದರು.

ಅವರು ಓ ಎಂದದ್ದು ಆಕೆಗೆ ಕೇಳಿಸಲಿಲ್ಲ. ಬೇರು ಸಡಿಲವಾಗುತ್ತಿತ್ತು. ಬೆರಳು ಮರಗಟ್ಟುತ್ತಿದ್ದವು. ರೀ ಎಂದರೆ ಯಾರೂ ಬರುತ್ತಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಮೂವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಬಿಟ್ಟು, ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು.

ಹೆಸರು ಬಂಡೆಯ ಮೇಲಕ್ಕೆ ಬಂತು. ಸ್ಪಷ್ಟವಾಗಿ ಬಂತು. ವರ್ತಕ ತಲೆ ಎತ್ತಿದ. ಯಾವಳೋ ಹೆಂಗಸು ತನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ತನ್ನ ಹೆಂಡತಿಯಂತೂ ಹೆಸರು ಹೇಳುವವಳಲ್ಲ.

"ನೋಡಿದಿರಾ, ಈ ಬೆಟ್ಟದಲ್ಲಿ ನನ್ನ ಹೆಸರಿನವನು ಇನ್ನೊಬ್ಬನಿದ್ದಾನೆ" ಎಂದು ಪಕ್ಕದವನಿಗೆ ಹೇಳಿದ.

ಇದನ್ನು ಹೇಳಿ ಅಯ್ಯನವರು ಎಣ್ಣೆಯ ಬಟ್ಟಲನ್ನು ಈ ಕಡೆಯಿಂದ ಆ ಕಡೆ ಇಟ್ಟು ಮುಂದುವರಿಸಿದರು.

ಮೇಷ್ಟರು ಬಂದು ನೋಡಿದಾಗ ಬೇರು ಅರ್ಧ ಕಿತ್ತು ಬಂದಿತ್ತು. ಅವರು ಬಂಡೆಯ ಮೇಲೆ ಬೋರಲು ಮಲಗಿ ಆಕೆಯ ಎರಡು ಮಣಿಕಟ್ಟನ್ನೂ ಹಿಡಿದರು. ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಬಿಡದೆ ಹಿಡಿದುಕೊಳ್ಳುವ ಶಕ್ತಿ ಇತ್ತು. ಹಿಡಿದುಕೊಂಡೇ ಒಂದು ಕೂಗು ಹಾಕಿದರು. ಆ ಕೂಗಿಗೆ ಹೆಸರೂ ಇರಲಿಲ್ಲ, ಅಕ್ಷರವೂ ಇರಲಿಲ್ಲ.

ಅದನ್ನು ಕೇಳಿ ಓ ಎಂದವಳು ದಾರಿಯವಳು. ಅವಳಿದ್ದದ್ದು ಕೆರೆಯ ಏರಿಯ ಮೇಲೆ, ಎಲ್ಲರಿಗಿಂತ ದೂರದಲ್ಲಿ. ಓ ಓ ಎನ್ನುತ್ತಲೇ ಓಡಿ ಬಂದಳು. ಹಾಸುಬಂಡೆಯ ಮೇಲಿದ್ದ ಐವರನ್ನೂ ದಾಟಿಕೊಂಡು ಇಳಿದಳು. ಅವಳ ಓಟ ನೋಡಿ ಗಾಬರಿಯಾಗಿ ಅವರೂ ಎದ್ದು ಹಿಂದೆ ಇಳಿದರು. ಅವಳು ಸೊಂಟಕ್ಕೆ ಸುತ್ತಿಕೊಂಡಿದ್ದ ಹಗ್ಗ ಬಿಚ್ಚಿ ಆಕೆಯ ತೋಳಿನ ಕೆಳಗೆ ಹಾಕಿದಳು. ಎಲ್ಲರೂ ಸೇರಿ ಮೇಲಕ್ಕೆ ಎಳೆದುಕೊಂಡರು.

ವರ್ತಕ ಎಲ್ಲರಿಗಿಂತ ಹಿಂದೆ ಬಂದ. ನೆಲದ ಮೇಲೆ ಕೂರಿಸಿದವಳ ಮುಖ ನೋಡಿದ. ಅವನ ಜೀವವೇ ಹಾರಿಹೋದಂತಾಯಿತು. ಪಕ್ಕದಲ್ಲಿ ಕುಸಿದು ಕುಳಿತು, ಸುಲಿದುಹೋದ ಅವಳ ಅಂಗೈ ಹಿಡಿದುಕೊಂಡು ಅತ್ತ. ಅವಳ ಮೇಲೆ ಅವನಿಗೆ ಪ್ರೀತಿ ಇತ್ತು, ಅದರಲ್ಲಿ ಅನುಮಾನ ಬೇಡ. ಅಳುತ್ತಲೇ ಕೇಳಿದ.

"ಒಂದು ಕೂಗು ಹಾಕಬಾರದಿತ್ತೇ?"

"ಕೂಗಿದೆ" ಎಂದಳು ಆಕೆ. ಸ್ವಲ್ಪ ತಡೆದು, ತಲೆ ತಗ್ಗಿಸಿ, "ಹೆಸರು ಹಿಡಿದೂ ಕೂಗಿದೆ" ಎಂದಳು.

ಸಾವು ಕಾಲ ಕೆಳಗಿದ್ದಾಗ ಅಳದವಳು ಆಗ ಅತ್ತಳು. ವರ್ತಕನಿಗೆ ಬಂಡೆಯ ಮೇಲೆ ತಾನು ಆಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಬಾಟಲಿಯ ಸದ್ದನ್ನು ಕೇಳಿದ ಕೂಡಲೇ ಇದು ತನ್ನದು ಎಂದಿದ್ದ. ಹೆಂಡತಿಯ ಕೂಗನ್ನು ನಾಲ್ಕು ಸಲ ಕೇಳಿ ನಾಲ್ಕು ಸಲವೂ ತನ್ನದಲ್ಲ ಎಂದಿದ್ದ. ಹೆಸರಿಲ್ಲದಾಗ, ಇದರಲ್ಲಿ ನನ್ನ ಹೆಸರಿಲ್ಲ ಎಂದ. ಹೆಸರಿದ್ದಾಗ, ನನ್ನವಳು ನನ್ನ ಹೆಸರು ಹೇಳುವುದಿಲ್ಲ ಎಂದ. ಏಳಲು ಮನಸ್ಸಿಲ್ಲದವನಿಗೆ ಹೇಗೆ ಕೂಗಿದರೂ ಅಷ್ಟೆ, ಸೋಮಲಿಂಗಾ.

ಇಳಿಯುವಾಗ ದಾರಿಯವಳು ಮೇಷ್ಟರನ್ನು ಕೇಳಿದಳು. ಆ ಐವರಲ್ಲಿ ಒಬ್ಬನ ಹೆಂಡತಿ ಎಂದು ನಿಮಗೆ ಗೊತ್ತಿತ್ತಲ್ಲ, ನಿಮಗೇಕೆ ಏಳಬೇಕೆನ್ನಿಸಿತು ಎಂದಳು.

"ಓ ಅನ್ನದೆ ನಾಲ್ಕು ವರ್ಷವಾಗಿತ್ತು, ತಾಯಿ" ಎಂದರು ಮೇಷ್ಟರು.

ಅವರ ಕಿತ್ತಳೆ ಬಂಡೆಯ ಮೇಲೆಯೇ ಉಳಿಯಿತು. ಕೋತಿ ತಿಂದಿರಬೇಕು.

ಆ ದಿನದ ಮೇಲೆ ವರ್ತಕನಿಗೆ ಒಂದು ಮರುಳು ಹಿಡಿಯಿತು ಎಂದು ಬೀದಿಯವರು ಹೇಳುತ್ತಿದ್ದರು. ಪೇಟೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಯಾರ ಹೆಂಡತಿ "ರೀ" ಎಂದರೂ ಇವನು "ಓ" ಎನ್ನುತ್ತಿದ್ದ. ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬ ಹೆಂಗಸು ಚೆನ್ನಾಗಿ ಬೈದಳು. ಬೈಸಿಕೊಂಡ. ಅವಳ ಚೀಲ ಹರಿದಿತ್ತು, ಉರುಳಿದ ಈರುಳ್ಳಿ ಆರಿಸಿಕೊಟ್ಟು ಬಂದ.

ಕತೆ ಅಲ್ಲಿಗೆ ನಿಂತಿತು. ಸೋಮಲಿಂಗ, ಆಕೆ ಮತ್ತೆ ಎಂದಾದರೂ ಗಂಡನ ಹೆಸರು ಹಿಡಿದು ಕೂಗಿದಳೇ ಎಂದು ಕೇಳಿದ.

ಅದಕ್ಕೆ ಪ್ರಸಂಗವೇ ಬರಲಿಲ್ಲವಂತೆ, ಅವಳು ರೀ ಎಂದು ಬಾಯಿ ಮುಚ್ಚುವಷ್ಟರಲ್ಲಿ ಅವನು ಎದ್ದು ನಿಂತಿರುತ್ತಿದ್ದನಂತೆ ಎಂದರು ಅಯ್ಯನವರು.

ಸೋಮಲಿಂಗ ಕೈಮುಗಿದ. ಕತೆ ತಿಳಿಯಿತು, ಆದರೆ ತನ್ನ ಪ್ರಶ್ನೆ ಇದ್ದಲ್ಲೇ ಇದೆ ಎಂದ. ಆ ವರ್ತಕನನ್ನು ಕೂಗಲು ಹೆಂಡತಿಯಾದರೂ ಇದ್ದಳು. ಆರು ವರ್ಷದಿಂದ ಕಿವಿ ತೆರೆದುಕೊಂಡು ಕುಳಿತಿದ್ದರೂ ತನ್ನನ್ನು ಯಾರೂ ಕರೆದಿಲ್ಲ. ಇದನ್ನು ಹೇಳುವಾಗ ಅವನ ಕಣ್ಣು ತುಂಬಿತ್ತು. ಅವನ ಸಂಕಟ ನಿಜವಾದದ್ದೇ ಆಗಿತ್ತು.

ಕೆಳಗಿನಿಂದ ಇನ್ನೊಮ್ಮೆ ಕೂಗು ಬಂತು. ಈ ಸಲ ದನಿ ಸಣ್ಣದಾಗಿತ್ತು. ಮಾತು ಕೂಡ ಅರ್ಧವೇ ಇತ್ತು. "ಯಾರಾದರೂ..."

ಅಯ್ಯನವರು "ಓ" ಎಂದರು. ಒಂದು ಕೈಯನ್ನು ಕಂಬಕ್ಕೆ ಕೊಟ್ಟು, ನೋವಿನ ಮಂಡಿಯನ್ನು ಮಡಿಸಿ, ಏಳಲು ನೋಡುತ್ತ ಹೇಳಿದರು:

"ಭದ್ರಯ್ಯ ಹಿಟ್ಟಿನ ಮೂಟೆ ಇಟ್ಟುಕೊಂಡು ಮೆಟ್ಟಿಲ ಬುಡದಿಂದ ಮೂರು ಸಲ ಕೂಗಿದ, ಸೋಮಲಿಂಗಾ, ಮೂರರಲ್ಲೂ ನಿನ್ನ ಹೆಸರಿರಲಿಲ್ಲ, ಅಲ್ಲವೇ?"